ಸಭೆ ಮುಗಿದ ಸುದ್ದಿ

ಅವತ್ತಿಗೆ ಅದು ಮೂರನೆಯ ಕಟ್ಟಡ. ಬೆಳಗಿನಿಂದ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರ ಹಳೆಯ ಸಭಾಭವನಗಳನ್ನೇ ನೋಡುತ್ತ ಬಂದಿದ್ದ ಇತಿಹಾಸದ ಟೀಚರಮ್ಮನಿಗೂ ಅವರ ಆರು ಜನ ಜೊತೆಗಾರರಿಗೂ ಕಾಲು ಸೋತಿದ್ದವು. ಹೊರಡೋಣವೆಂದರೆ ಸಂಜೆಯ ಮಳೆ ಆಕಾಶವೇ ಕಳಚಿ ಬಿದ್ದಂತೆ ಸುರಿಯುತ್ತಿತ್ತು. ಗೋಡೆಯಲ್ಲಿ ಕೆತ್ತಿದ, ಸಂಘದ ಲಾಂಛನವಾದ ಮೂಲೆಮಟ್ಟ, ಕೈವಾರಗಳ ಕೆಳಗೆ, ಕಪ್ಪುಬಿಳುಪು ಚೌಕಗಳ ನೆಲದ ಸುತ್ತ ಹಾಕಿದ್ದ ಬೆಂಚುಗಳಲ್ಲಿ ಎಲ್ಲರೂ ಕುಸಿದರು. ಕಟ್ಟಡ ತೋರಿಸುವ ಅಜ್ಜನ ಮಂಡಿಯೂ ಇವತ್ತು ಮಾತು ಕೇಳುತ್ತಿರಲಿಲ್ಲ. ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು.

"ಹೊರಗೆ ಬಾಗಿಲ ಪಕ್ಕ ಒಂಟಿ ಕುರ್ಚಿ ಯಾಕಿದೆ ಅಜ್ಜಾ?" ಎಂದರು ಟೀಚರಮ್ಮ.

ಅಜ್ಜ ಉಸಿರು ಬಿಟ್ಟು ಕೂತ.

"ಅದು ನಮ್ಮಣ್ಣಂದು... ಇವರ ಸಭೆ ನಡೆಯೋವಾಗ ಒಬ್ಬ ಕತ್ತಿ ಹಿಡ್ಕೊಂಡು ಹೊರಗೆ ಕಾಯಬೇಕು, ಒಳಗಿಂದ 'ಮುಗೀತು' ಅಂತ ಹೇಳೋವರೆಗೂ ಅಲ್ಲಾಡೋ ಹಾಗಿಲ್ಲ. ಅಣ್ಣ ಮೊದಲೇ ಹಾಕಿದ ಗೆರೆ ದಾಟೋನಲ್ಲ. ನಾನು? ಇಲ್ಲೇ ಊಟ ಬಡಿಸ್ತಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಶುದ್ಧ ಮೈಗಳ್ಳ. ಒಂದಿನ ಹಿಂಗೇ ಮಳೆ... ಅಣ್ಣಂಗೆ ಜ್ವರ, ಮೈ ಕೆಂಡ. ಅತ್ತಿಗೆ ಬೇಡ ಬೇಡ ಅಂದ್ರೂ ಬಂದು ಕೂತಿದ್ದ. ಊಟ ಮುಗಿಸಿ ದೊಡ್ಡೋರೆಲ್ಲ ಹಿಂದಿನ ಮೆಟ್ಟಿಲಿಳಿದು ಗಾಡಿ ಹತ್ತಿದ್ರು. ಹೋಗ್ತಾ ಯಜಮಾನ್ರು 'ನಿಮ್ಮಣ್ಣಂಗೆ ಹೇಳಪ್ಪಾ, ಮನೆಗೆ ಹೋಗ್ಲಿ' ಅಂದ್ರು. ಎಷ್ಟು ದೂರ ಇತ್ತು ಹೇಳಿ? ಈ ನೆಲ ದಾಟಿ ಬಾಗಿಲು ತೆಗೀಬೇಕು, ಅಷ್ಟೇ... ನನಗೂ ಸುಸ್ತು. ಸದ್ದಡಗಿದ್ರೆ ಅವನಿಗೇ ತಿಳಿಯಲ್ವಾ ಅಂದ್ಕೊಂಡು ನಾನೂ ಹಿಂದಿನಿಂದಲೇ ಹೋಗಿಬಿಟ್ಟೆ.

"ಬೆಳಿಗ್ಗೆ ಬಂದು ನೋಡ್ತೀನಿ... ಕೂತೇ ಇದ್ದ. ತೊಡೆ ಮೇಲೆ ಕತ್ತಿ. ಮೈ ತಣ್ಣಗೆ."

ಅಜ್ಜ ಮಂಡಿ ನೀವಿಕೊಂಡ.

"ಮಣ್ಣು ಮಾಡಿದ ಮಾರನೇ ಸಂಜೆ ಇಲ್ಲಿ ಗುಡಿಸ್ತಿದ್ದೆ. ಹೊರಗಿಂದ ಬಾಗಿಲು ತಟ್ಟಿತು, ಮೂರು ಸಲ... ಮುಗೀತಾ ಅಂತ ಅವನು ಕೇಳ್ತಿದ್ದಿದ್ದು ಹಂಗೇ. ಹೆಂಗೋ ಹೋಗಿ, ಒಳಗಿಂದ ಮೂರು ಸಲ ತಟ್ಟಿ, 'ಮುಗೀತಣ್ಣಾ, ಮನೆಗೆ ಹೋಗು' ಅಂದೆ. ಬೂಟಿನ ಹೆಜ್ಜೆ ನಿಧಾನಕ್ಕೆ ಮೆಟ್ಟಿಲಿಳೀತು. ಬೆಳಿಗ್ಗೆ, ನಾನೇನೂ ಬಾಯಿ ಬಿಡೋ ಮೊದಲೇ ಅತ್ತಿಗೆ ಅಂದ್ರು, 'ನಿಮ್ಮಣ್ಣ ಬಂದಿದ್ರು ಕಣಪ್ಪಾ, ಕಾಲು ನೋವು ಅಂತಿದ್ರು...' ಆದರೆ ಸಂಜೆಗೆ ಮತ್ತೆ ಬಾಗಿಲಲ್ಲಿ ಹಾಜರು!

"ಐವತ್ತೆರಡು ವರ್ಷ, ದಿನಾ ಹೇಳಿ ಕಳಿಸಿದೀನಿ. ದೊಡ್ಡೋರೆಲ್ಲ ಸತ್ರು, ಸಭೆ ನಿಂತು, ಇದು ಟಿಕೆಟ್ಟಿನ ಜಾಗ ಆಯ್ತು. ಹೋದ ವರ್ಷ ಅತ್ತಿಗೆಯೂ ಹೋದ್ರು, ಅಣ್ಣನ ಮನೆ ಕೆಡವಿದ್ರು. ಅವತ್ತಿಂದ ಇಳಿದು ಹೋದ ಹೆಜ್ಜೆ ತಿರುಗಿ ನನ್ನ ಹತ್ರಾನೇ ಬರುತ್ತೆ... ಇನ್ನೆಲ್ಲಿಗೆ ಹೋಗ್ತಾನೆ, ಪಾಪ?"

"ತಪ್ಪಾಯ್ತು ಅಂತ ಅಣ್ಣಂಗೆ ಹೇಳಿದ್ರಾ?" ಎಂದರು ಟೀಚರಮ್ಮ.

"ಹೇಳದೆ ಇರ್ತೀನಾ? ಬೈದಿದ್ರೆ ವಾಸಿಯಿತ್ತಮ್ಮಾ. ಕಾಲು ನೋವು ಅಂತಾನೆ, ಅಷ್ಟೇ."

ಮಳೆ ಇಳಿಯಿತು. ಬಾಗಿಲು ತೆಗೆಯುವ ಮೊದಲು ಅಜ್ಜ ಒಳಗಿನಿಂದ ಮೂರು ಸಲ ತಟ್ಟಿದ. ಹೊರಗೆ ಬಂದಾಗ ಟೀಚರಮ್ಮನಿಗೆ ಅವನ ಕುಂಟು ನಡಿಗೆ ನೋಡಲಾಗಲಿಲ್ಲ.

"ವ್ಯಾನಲ್ಲಿ ಒಂದು ಸೀಟು ಖಾಲಿ ಇದೆ ಅಜ್ಜಾ. ಬನ್ನಿ, ಮನೆ ಹತ್ರ ಇಳಿಸ್ತೀವಿ."

"ಒಂದು ಸೀಟು ಸಾಲಲ್ಲ ಕಣಮ್ಮಾ," ಎಂದ ಅಜ್ಜ ಬೀಗ ಹಾಕುತ್ತ. "ನೀವು ಹೊರಡಿ... ನಾವು ನಿಧಾನಕ್ಕೆ ನಡ್ಕೊಂಡು ಹೋಗ್ತೀವಿ."