ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಬಿಟ್ಟು ಬಂದದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನನ್ನ ಚಿಕ್ಕಮ್ಮನ ಮಗಳು ನೆನಿತಾಗೆ ಆದದ್ದು. ಮನಿಲಾದಿಂದ ದೂರದ ನಮ್ಮೂರ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು ಅವಳು. ಸುಳ್ಳು ಹೇಳುವವಳಲ್ಲ. ಹೇಳಲು ಬಂದಿದ್ದರೆ ಇಷ್ಟು ಹೊತ್ತಿಗೆ ಡಾಕ್ಟರಿಗೆ ಅಚ್ಚುಮೆಚ್ಚಾಗಿರುತ್ತಿದ್ದಳು.

ಬಾಡಿಗೆ ಜೀಪ್ನಿ ಗಾಡಿ ಓಡಿಸುತ್ತಿದ್ದ ಮುದುಕ ಮಾಂಗ್ ಕದ್ಯೋ ತೀರಿಕೊಂಡಿದ್ದರು. ಆ ರಾತ್ರಿ ಊರವರು ಹೆಣ ಕಾಯುತ್ತ ಕೂತಿದ್ದ ಅವರ ಮನೆಯಿಂದ ನೆನಿತಾ ಒಬ್ಬಳೇ ಹೊರಟಳು. ಒಳಗೆ ನಿದ್ದೆ ಹತ್ತದಿರಲೆಂದು ಇಸ್ಪೀಟು, ಶುಂಠಿ ಕಷಾಯ, ಬಿಸ್ಕತ್ತು ಇನ್ನೂ ನಡೆದೇ ಇತ್ತು. ದಾರಿಯಲ್ಲಿ ಆ ದೊಡ್ಡ ಆಲದ ಮರ. "ಸ್ವಲ್ಪ ದಾರಿ ಬಿಡಿ, ದೊಡ್ಡೋರೇ" ಅಂತ ಎಲ್ಲರ ಹಾಗೆ ಮರದಲ್ಲಿರುವ ಕಾಣದವರಿಗೆ ಪಿಸುಗುಟ್ಟಿ ದಾಟಿದಳು. ಆಗ ಹಿಂದಿನಿಂದ... ಕರ್... ಕರ್... ಕರ್...

ಉಗುರಿನಿಂದ ಒಣ ಚರ್ಮ ಕೆರೆಯುವ ಸದ್ದು. ಕೊನೆಗಾಲದಲ್ಲಿ ಮೈಯೆಲ್ಲ ಹಳದಿಯಾಗಿ, ನವೆಗೆ ನಿದ್ದೆ ಹತ್ತದೆ, ಮಾಂಗ್ ಕದ್ಯೋ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಾಗಲೂ ಹೀಗೇ ಕೆರೆದುಕೊಳ್ಳುತ್ತಿದ್ದರು.

ನೆನಿತಾಗೆ ಹೆದರಿಕೆಯಾಗಲಿಲ್ಲವಂತೆ. ಸಿಟ್ಟು ಬಂತಂತೆ. ಬರಬೇಕಾದ್ದೇ! ಮೈ ಹಳದಿಯಾಗುವುದಕ್ಕೆ ಎಷ್ಟೋ ಮೊದಲೇ ಅವಳು ಡಾಕ್ಟರಿಗೆ ಹೇಳಿದ್ದಳು. ಮೊದಲಿಂದಲೂ ಸಣಕಲು ಮನುಷ್ಯ. ಈ ವಯಸ್ಸಿನಲ್ಲಿ, ವಂಶದಲ್ಲೇ ಇಲ್ಲದ ಸಕ್ಕರೆ ಕಾಯಿಲೆ ಇದ್ದಕ್ಕಿದ್ದಂತೆ ಬಂತು. ಪ್ಯಾಂಟು ಸೊಂಟದಲ್ಲಿ ನಿಲ್ಲದು. ಸ್ಟೀರಿಂಗ್ ಮೇಲೆ ಬಗ್ಗಿ ಮಲಗಿದರೆ ಮಾತ್ರ ಬೆನ್ನುನೋವಿಗೆ ಆರಾಮ. ತೂಕ ನೋಡುವವಳು ಇವಳು, ಸೂಜಿ ಚುಚ್ಚುತ್ತ ಮಾತಾಡಿಸುವವಳು ಇವಳು. ಇವಳಿಗೆ ಕಾಣದೆ ಇನ್ಯಾರಿಗೆ ಕಾಣಬೇಕು?

"ಡಾಕ್ಟ್ರೇ, ಮೇದೋಜೀರಕದಲ್ಲಿ ಗಡ್ಡೆ ಇರ್ಬೋದು. ಒಂದ್ಸಲ ಸ್ಕ್ಯಾನಿಗೆ ಕಳ್ಸಿ."

"ನೀನ್ಯಾವಾಗ ಡಾಕ್ಟ್ರಾದೆ ನೆನಿತಾ? ಸಕ್ಕರೆ ಕಾಯಿಲೆ ಮಾತ್ರೆ ಕೊಟ್ಟು ಕಳ್ಸು."

ಕೊಟ್ಟು ಕಳಿಸಿದರು. ಕೊನೆಗೆ ಶವಪೆಟ್ಟಿಗೆಯಲ್ಲಿ ಮಲಗಿಸಿದರು.

ನಮ್ಮಲ್ಲಿ ಸಾವಿನ ಮನೆಯಿಂದ ಯಾರೂ ನೆಟ್ಟಗೆ ಮನೆಗೆ ಹೋಗುವುದಿಲ್ಲ. ಹೋದರೆ ಸತ್ತವರು ಬೆನ್ನಿಗೇ ಬರುತ್ತಾರೆ. ಬೇಕರಿಯಲ್ಲೋ ಹೋಟೆಲಿನಲ್ಲೋ ತುಸು ಹೊತ್ತು ಕೂತು, ಅವರನ್ನು ಅಲ್ಲೇ ಬಿಟ್ಟು ಹೋಗಬೇಕು. ಬೇಕೆಂದೇ ಒಬ್ಬರ ಬಾಗಿಲಿಗೆ ಬಿಡಬಾರದು ಎನ್ನುತ್ತಾರೆ ಹಿರಿಯರು. ನೆನಿತಾ ಬೇಕರಿ ಕಡೆ ತಿರುಗಲೇ ಇಲ್ಲ. ಸೀದಾ ಹೋಗಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಳು. ಕರ್... ಕರ್... ಸದ್ದೂ ಬಂದು ಪಕ್ಕದಲ್ಲೇ ಕೂತಿತು.

"ಮಾಂಗ್ ಕದ್ಯೋ," ಎಂದಳು ಮೆಲ್ಲಗೆ, "ನಾನು ಹೇಳಿ ಹೇಳಿ ಸೋತೆ. ಇನ್ನು ನೀವುಂಟು, ಅವರುಂಟು."

ಎದ್ದಳು. ತಿರುಗಿ ನೋಡದೆ ಮನೆಗೆ ಹೋದಳು. ಸದ್ದು ಹಿಂದೆ ಬರಲಿಲ್ಲ.

ಕೆಲವು ದಿನ ಕಳೆದು ಮೀನು ಮಾರುವ ಆಲಿಂಗ್ ತಾಸಿಂಗ್ ಕ್ಲಿನಿಕ್ಕಿಗೆ ಬಂದಳು. ಅದೇ ಹೊಸದಾಗಿ ಬಂದ ಸಕ್ಕರೆ ಕಾಯಿಲೆ, ಅದೇ ಸವೆದ ಮೈ. ಜೀವಮಾನವಿಡೀ ಮೀನಿನ ನಡುವೆ ಇದ್ದವಳಿಗೆ ಈಗ ಮೀನು ಕರಿದರೆ ವಾಕರಿಕೆ.

"ಡಾಕ್ಟ್ರೇ, ಇವರನ್ನಾದ್ರೂ ಸ್ಕ್ಯಾನಿಗೆ..."

"ಮತ್ತೆ ಶುರು ಮಾಡಿದ್ಯಾ ನೀನು?"

ಡಾಕ್ಟರ ಬೆನ್ನ ಹಿಂದೆ... ಕರ್... ಕರ್... ಅಲ್ಲಿ ಬರಿಯ ಗೋಡೆ.

"ಇಲಿ ಇರ್ಬೇಕು," ಎಂದಳು ಆಲಿಂಗ್ ತಾಸಿಂಗ್.

"ಇಲಿ ಅಲ್ಲ," ಎಂದಳು ನೆನಿತಾ, ಡಾಕ್ಟರ ಮುಖವನ್ನೇ ನೋಡುತ್ತ.

ಡಾಕ್ಟರು ಬಿಳಿಚಿಕೊಂಡರು. ಚೀಟಿ ಎಳೆದುಕೊಂಡು ಸ್ಕ್ಯಾನಿಗೆ ಬರೆದುಕೊಟ್ಟರು. ಗಡ್ಡೆ ಇತ್ತು. ಸಣ್ಣದು, ಕತ್ತರಿಸಿ ತೆಗೆಯುವಷ್ಟು ಸಣ್ಣದು. ಮನಿಲಾದಲ್ಲಿ ತೆಗೆದರು. ಇವತ್ತಿಗೂ ಮಾರುಕಟ್ಟೆಗೆ ಹೋದರೆ ಆಲಿಂಗ್ ತಾಸಿಂಗಳ ಬೈಗುಳ ಕೇಳಿಸುತ್ತದೆ.

"ನಾನೇ ಕಂಡುಹಿಡಿದೆ" ಅಂತ ಡಾಕ್ಟರು ಊರೆಲ್ಲ ಸಾರಿಕೊಂಡು ಬಂದರು. ಮಾನ ಮರ್ಯಾದೆ ಬೇಡವೇ ಮನುಷ್ಯನಿಗೆ? ಮಾಂಗ್ ಕದ್ಯೋ ಅವರ ಗಡ್ಡೆಯೂ ಒಂದು ಕಾಲಕ್ಕೆ ಅಷ್ಟೇ ಸಣ್ಣದಿದ್ದಿರಬೇಕಲ್ಲ... ನೆನೆದರೆ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.

ಆಮೇಲೆ ಪಾದ್ರಿಯನ್ನು ಕರೆಸಿ ತೀರ್ಥ ಚಿಮುಕಿಸಿದ್ದೂ ಆಯಿತು. ಸದ್ದು ನಿಂತಿತು. ಆದರೆ ರೋಗಿಗಳು ಕೂರುವ ಆ ಕುರ್ಚಿ... ಬೆಳಿಗ್ಗೆ ಬೀಗ ತೆಗೆದು, ಮೊದಲ ರೋಗಿ ಕೂತರೆ, ಬೆಚ್ಚಗಿರುತ್ತದೆ. ಈಗಷ್ಟೇ ಯಾರೋ ಎದ್ದ ಹಾಗೆ. ಡಾಕ್ಟರು ಕುರ್ಚಿಯನ್ನೇ ಬದಲಾಯಿಸಿದರು. ಹೊಸದೂ ಹಾಗೇ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ, ಹೋದ ವಾರ ನಾನೇ ಮೊದಲು ಹೋಗಿ ಕೂತೆ. ಬೆಚ್ಚಗಿತ್ತು.