ಹಳೆಯ ಸುದ್ದಿಗೆ ಹರಕೆಯೂಟ

ಹೆಸರು: ತೆಗರ್ ಪಮುಂಗ್ಕಾಸ್. ವಯಸ್ಸು: 23. ಕೆಲಸ: ಸೈಕಲ್ ರಿಪೇರಿ, ಕೆಡುಂಗ್‌ಸಾರಿ ಓದುಗರ ಬಳಗದ ಕಾರ್ಯದರ್ಶಿ (ಸದಸ್ಯರು ಮೂವರು). ವಾಸ: ನದಿದಂಡೆ ಓಣಿ, ಕೆಡುಂಗ್‌ಸಾರಿ, ಮಧ್ಯ ಜಾವಾ.

ಯಾರ ಬಲವಂತವೂ ಇಲ್ಲದೆ, ಬುದ್ಧಿ ನೆಟ್ಟಗಿರುವಾಗಲೇ ನಾನು ತಿಳಿಸುವುದೇನೆಂದರೆ:

ನಮ್ಮ ಓಣಿಯ ಬಾಯಲ್ಲಿ, ರಾತ್ರಿ ಕಾವಲಿನವರು ಕೂರುವ ಗಸ್ತುಕಟ್ಟೆಯ ಪಕ್ಕದ ಗೋಡೆಗೆ ಗಾಜಿನ ಬಾಗಿಲಿನ ಒಂದು ಹಲಗೆ ಇದೆ. ದಿನದ ಪತ್ರಿಕೆಯನ್ನು ಬಿಡಿಸಿ ಅದರಲ್ಲಿ ಹಾಕುತ್ತಿದ್ದೆವು. ಕೊಳ್ಳಲಾಗದವರೂ ನಿಂತು ಓದುತ್ತಿದ್ದರು. ಕಳೆದ ತಿಂಗಳು ಪತ್ರಿಕೆಯವರು ಅಚ್ಚು ನಿಲ್ಲಿಸಿ ಫೋನಿನಲ್ಲಿ ಮಾತ್ರ ಸುದ್ದಿ ಕೊಡತೊಡಗಿದರು. ಹಲಗೆ ಖಾಲಿಯಾಯಿತು. ಆದರೂ ಹಿರಿಯರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಖಾಲಿ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಹಿಂದಿದ್ದವರು ಅಭ್ಯಾಸಬಲದಿಂದ ಮುಂದಿದ್ದವರ ಭುಜದ ಮೇಲಿಂದ ಇಣುಕುತ್ತಿದ್ದರು. ಜನರ ಓದನ್ನು ಕಸಿದುಕೊಳ್ಳುವುದು ಅವರ ಅನ್ನ ಕಸಿದುಕೊಂಡಷ್ಟೇ ದೊಡ್ಡ ಅನ್ಯಾಯ. ಈ ವಾಕ್ಯ ಬೇಡವೆಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿ ಹೇಳಿದರು. ಇರಲೇಬೇಕೆಂದು ನಾನು ಹೇಳಿದೆ.

ತೀರಿಕೊಂಡ ಶಾಲಾ ಮೇಷ್ಟರ ಮನೆಯವರು ಗುಜರಿಗೆ ಹಾಕಲಿದ್ದ ಹಳೆಯ ಪತ್ರಿಕೆಗಳ ಕಟ್ಟನ್ನು ನಾನು ಕೇಳಿ ತಂದೆ. ಅವು ಹತ್ತೊಂಬತ್ತು ವರ್ಷದ ಹಿಂದಿನವು. ದಿನಕ್ಕೊಂದನ್ನು ಹಲಗೆಯಲ್ಲಿ ಹಾಕಿದೆ. ‘ಇವು ಹಳೆಯ ಸಂಚಿಕೆಗಳು, ಚರಿತ್ರೆ ತಿಳಿಯಲು ಓದಿರಿ’ ಎಂದು ಕೆಳಗಿನ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದೆ. ಭಾನುವಾರದ ಶ್ರಮದಾನದಲ್ಲಿ ಓಣಿಯವರು ಆ ಗೋಡೆಗೆ ಸುಣ್ಣ ಬಳಿದರು.

ಸೋಮವಾರದ ತಲೆಬರಹ ‘ಮೂರು ದಿನ ಭಾರಿ ಮಳೆ’ ಎಂದಿತ್ತು. ಸುಡುಬಿಸಿಲಿನಲ್ಲಿ ಹೆಂಗಸರು ಒಣಹಾಕಿದ್ದ ಸಂಡಿಗೆ ತಟ್ಟೆಗಳನ್ನೆಲ್ಲ ಒಳಗೆ ಸಾಗಿಸಿದರು. ಮಳೆ ಬರಲಿಲ್ಲ. ಹವಾಮಾನ ಇಲಾಖೆಯನ್ನು ಬೈದರೇ ಹೊರತು ಪತ್ರಿಕೆಯನ್ನು ಯಾರೂ ಬೈಯಲಿಲ್ಲ. ಮಂಗಳವಾರ ‘ಇಂದು ಬ್ಯಾಡ್ಮಿಂಟನ್ ಫೈನಲ್, ನಮ್ಮ ಹುಡುಗ ಕಣಕ್ಕೆ’ ಎಂದಿತ್ತು. ಸಂಜೆ ಗಸ್ತುಕಟ್ಟೆಗೆ ಟಿ.ವಿ. ತಂದಿಟ್ಟು ಓಣಿಯೆಲ್ಲ ಸೇರಿತು. ಟಿ.ವಿ.ಯಲ್ಲಿ ಅಡುಗೆ ಸ್ಪರ್ಧೆ ನಡೆಯುತ್ತಿತ್ತು. ಕಾದು ಕಾದು ಕೊನೆಗೆ ಅದರಲ್ಲೇ ಒಬ್ಬಳ ಪಕ್ಷ ವಹಿಸಿ ಕೂಗಾಡಿದರು. ನಮ್ಮ ಓಣಿಯ ಹಿರಿಯ ದರ್ಮಾಜಿಯವರು ಎದ್ದು ಹೋಗುವಾಗ, “ನಮ್ಮ ಹುಡುಗನ್ನ ಆಡ್ಸೇ ಇಲ್ಲ ನೋಡಿ. ಎಲ್ಲಾ ರಾಜಕೀಯ!” ಎಂದರು. ಗೋಡೆಯ ಮೇಲೆ ಮತ್ತೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಅವರು ಮತ್ತೆ ಓದುತ್ತಿದ್ದರು.

ಬುಧವಾರ ನದಿದಂಡೆಯ ಏಳು ಅಂಗಡಿಗಳಿಗೆ ನಮ್ಮ ವಾರ್ಡಿನ ಮುಖ್ಯಾಧಿಕಾರಿಯಾದ ಲುರಾ ಅವರ ಕಚೇರಿಯಿಂದ ನೋಟಿಸು ಅಂಟಿಸಿದರು. ಮುಂದಿನ ಸೋಮವಾರ ತೆರವು. ಬೇರೆ ಜಾಗ ಕೊಡುವ ಮಾತು ಅದರಲ್ಲಿರಲಿಲ್ಲ. ಏಳರಲ್ಲಿ ಒಂದು ಗಿನಾ ಅಜ್ಜಿಯದು. ಬೇಯಿಸಿದ ಸೊಪ್ಪು, ಅನ್ನ, ಮೇಲೆ ಶೇಂಗಾ ಚಟ್ನಿ. ಓಣಿಯ ಅರ್ಧ ಮಂದಿ ಬೆಳೆದದ್ದೇ ಆ ಅನ್ನದಲ್ಲಿ, ನಾನೂ ಸೇರಿ. ನಮ್ಮ ಬಳಗ ಪ್ರತಿಭಟನೆ ನಿಶ್ಚಯಿಸಿತು. ನಾನು ಬಟ್ಟೆಯ ಬ್ಯಾನರ್ ಬರೆದೆ, ಭಾಷಣವನ್ನೂ ಬರೆದೆ.

ಗುರುವಾರ ಬೆಳಿಗ್ಗೆ ಕಟ್ಟಿನಿಂದ ಒಂದು ಸಂಚಿಕೆಯನ್ನು ಬೇಕೆಂದೇ ಆರಿಸಿ ಹಾಕಿದೆ. ತಲೆಬರಹ: ‘ನದಿದಂಡೆ ಅಂಗಡಿ ತೆರವು ರದ್ದು: ಲುರಾ ಘೋಷಣೆ’. ಒಮ್ಮೆ ಮಣಿದ ಕಚೇರಿ ಮತ್ತೆ ಮಣಿದೀತು ಎಂದು ಜನ ಅರಿಯಲಿ, ಧೈರ್ಯ ತಾಳಲಿ ಎಂಬುದು ನನ್ನ ಉದ್ದೇಶ. ಅರ್ಧ ಗಂಟೆಯೊಳಗೆ ಅಂಗಡಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಹರಕೆಯೂಟಕ್ಕೆ ಒಲೆ ಹತ್ತಿಸಿಯಾಗಿತ್ತು.

ನಾನು ಓಡಿಹೋಗಿ ಎಲ್ಲರಿಗೂ ಕೇಳುವಂತೆ, “ಅಜ್ಜೀ, ಅದು ಹಳೇ ಪೇಪರು! ತಾರೀಖು ನೋಡಿ!” ಎಂದು ಕೂಗಿದೆ.

ಗಿನಾ ಅಜ್ಜಿ ಅರಿಸಿನದ ಅನ್ನಕ್ಕೆ ತೆಂಗಿನಹಾಲು ಕಾಯಿಸುತ್ತಿದ್ದರು. ತಿರುಗಿ ನೋಡದೆ, “ಗೊತ್ತು ಕಣೋ. ಆ ಫೋಟೋದಲ್ಲಿರೋ ವಾಲಿದ ಸೂರು ನಂದೇ. ಅರಚ್ಬೇಡ, ಹಾಲು ಒಡೆಯುತ್ತೆ,” ಎಂದರು.

ಉಳಿದವರು ಒಬ್ಬೊಬ್ಬರಾಗಿ ಹಲಗೆಯ ಬಳಿ ಹೋಗಿ ತಾರೀಖು ಓದಿ ಬಂದರು. ದರ್ಮಾಜಿಯವರು, “ಹಾಗಾದ್ರೆ ಒಲೆ ಆರಿಸ್ಲಾ ಅಕ್ಕಾ?” ಎಂದು ಕೇಳಿದರು.

“ಯಾಕಪ್ಪಾ ಆರಿಸ್ತೀಯ? ಅವತ್ತು ರದ್ದಾದಾಗ ಊಟ ಹಾಕೋಕೆ ನಮ್ಮ ಹತ್ರ ಅಕ್ಕಿ ಇರ್ಲಿಲ್ಲ. ಹಾಕ್ತೀವಿ ಅಂತ ದೇವ್ರಿಗೆ ಹೇಳಿ, ಹಾಗೇ ಮರ್ತುಬಿಟ್ವಿ. ಇವತ್ತು ಹಾಕೋಣ. ಕಚೇರೀಲೇ ಹಾಕೋಣ. ರದ್ದು ಮಾಡಿದ್ದು ಕಚೇರಿ ತಾನೆ?”

ಕಸಿದುಕೊಳ್ಳುವವರಿಗೆ ಉಣಬಡಿಸುವುದು ಹೋರಾಟವಲ್ಲ, ಶರಣಾಗತಿ ಎಂದು ನಾನು ಸ್ಪಷ್ಟವಾಗಿ ವಿರೋಧಿಸಿದೆ. ಅಜ್ಜಿ, “ಆಯ್ತು ಮಗಾ, ಆಮೇಲೆ ಹೋರಾಡುವಂತೆ. ನಿನ್ನ ಆ ಬ್ಯಾನರ್ ತಗೊಂಡ್ ಬಾ. ಅನ್ನದ ಮೇಲೆ ನೊಣ ಕೂರ್ತಿದೆ,” ಎಂದರು. ನಾನು ತಂದುಕೊಟ್ಟೆ.

ಹನ್ನೊಂದು ಗಂಟೆಗೆ ನಾವು ನಲವತ್ತು ಜನ ಕಚೇರಿಯ ಜಗಲಿಯಲ್ಲಿ ಚಾಪೆ ಹಾಸಿ, ಅನ್ನದ ಗೋಪುರವನ್ನು ನಡುವೆ ಇಟ್ಟು ಕುಳಿತೆವು. ಲುರಾ ಅವರು ಬೆಳಗಿನಿಂದ ಸಭೆಯಲ್ಲಿದ್ದು ಹಸಿದು ಹೊರಬಂದರು. ಹರಕೆಯೂಟಕ್ಕೆ ಕರೆದರೆ ನಮ್ಮಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ಅವರೂ ಬಂದು ಕುಳಿತರು. ಉಣ್ಣುವ ಮೊದಲು ಊಟದ ಕಾರಣವನ್ನು ಹಿರಿಯರೊಬ್ಬರು ಸಾಲು ಸಾಲಾಗಿ ಹೇಳಬೇಕು, ಪ್ರತಿ ಸಾಲಿಗೂ ಕುಳಿತವರೆಲ್ಲ ‘ಹೌದು’ ಎನ್ನಬೇಕು. ಹುಟ್ಟಿದಾಗಿನಿಂದ ಅಂದೂ ಅಂದೂ ಯಾರೂ ಸಾಲುಗಳನ್ನು ಕಿವಿಗೊಟ್ಟು ಕೇಳುವುದಿಲ್ಲ.

ದರ್ಮಾಜಿಯವರು ಕಣ್ಣು ಮುಚ್ಚಿ, ಈ ಜಾಗದಲ್ಲಿ ಸೇರಿದವರೆಲ್ಲ ಸಾಕ್ಷಿ ಎಂದರು. ಎಲ್ಲರೂ ಹೌದು ಎಂದರು. ನದಿದಂಡೆಯ ಅಂಗಡಿಗಳನ್ನು ಈ ಕಚೇರಿ ತೆಗೆಸುವುದಿಲ್ಲ ಎಂದದ್ದಕ್ಕಾಗಿ ಈ ಊಟ ಎಂದರು. ಹೌದು ಎಂದರು. ಆ ಮಾತು ಮುಂದೆಯೂ ನಿಲ್ಲಲಿ ಎಂದರು. ಹೌದು ಎಂದರು. ಲುರಾ ಅವರ ದೃಷ್ಟಿ ಹುರಿದ ಕೋಳಿಯ ಮೇಲಿತ್ತು. ಅವರ ‘ಹೌದು’ ಎಲ್ಲರಿಗಿಂತ ಜೋರಾಗಿತ್ತು.

ಗೋಪುರದ ತುದಿಯನ್ನು ಕತ್ತರಿಸಿ ಅವರಿಗೇ ಕೊಡಲಾಯಿತು. ಎರಡು ತುತ್ತು ಉಂಡ ಮೇಲೆ, “ಅಜ್ಜಿ, ಏನ್ ವಿಶೇಷ? ಮೊಮ್ಮಗೂನಾ?” ಎಂದು ವಿಚಾರಿಸಿದರು. ಅಜ್ಜಿ ಹೇಳಿದರು. ಅವರ ಕೈ ತಟ್ಟೆಯಲ್ಲೇ ನಿಂತಿತು.

“ಅಯ್ಯೋ, ಅದು ಹಿಂದಿನ ಲುರಾ ಹೇಳಿದ್ದು!”

“ಹೌದು ಸ್ವಾಮೀ. ಈಗ ನೀವೂ ಹೇಳಿದ್ರಿ.”

“ರೂಢಿಗೆ ಅಂದೆ ಕಣಜ್ಜಿ!”

“ನೀವು ರೂಢಿಗೆ ಅಂದ್ರೆ ದೇವ್ರೂ ರೂಢಿಗೆ ಕೇಳಿಸ್ಕೊಳ್ತಾನಾ? ಇನ್ನೊಂಚೂರು ಚಟ್ನಿ ಹಾಕ್ಲಾ?”

ಲುರಾ ಅವರು ತಟ್ಟೆ ಮುಂದೆ ಮಾಡಿದರು.

ಸೋಮವಾರ ತೆರವಿನ ಲಾರಿ ಬಂತು. ತೆರವಿನ ಆದೇಶಕ್ಕೆ ಲುರಾ ಅವರು ಸಹಿ ಹಾಕದ ಕಾರಣ ಅದು ಹಿಂದಿರುಗಿತು. ಮೇಲಿನ ಕಚೇರಿಯಿಂದ ಅವರಿಗೆ ಬೈಗುಳ ಬಂದ ಮೇಲೆ ಅವರ ಕಚೇರಿಯಿಂದ ನನ್ನ ಮೇಲೆ ಈ ದೂರು ದಾಖಲಾಗಿದೆ. ಸುಳ್ಳು ಸುದ್ದಿಯಿಂದ ಜನ ಮೋಸಹೋಗಿ ಊಟ ಹಾಕಿದರು, ಆದ್ದರಿಂದ ಅಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ ಎಂದು ದೂರಿನಲ್ಲಿದೆ.

ಮೋಸ ಮಾಡಿದವನು ನಾನೊಬ್ಬನೇ ಎಂದು ಬರೆದುಕೊಟ್ಟರೆ ಅಜ್ಜಿಯನ್ನೂ ಉಳಿದವರನ್ನೂ ಠಾಣೆಗೆ ಕರೆಸುವುದಿಲ್ಲ ಎಂದು ಇಲ್ಲಿ ನನಗೆ ತಿಳಿಸಲಾಯಿತು. ಸೆರೆಮನೆಗೆ ನಾನು ಬಹಳ ದಿನಗಳಿಂದ ಸಿದ್ಧನಿದ್ದೇನೆ. ಹಲ್ಲುಜ್ಜುವ ಬ್ರಷ್ಷೂ ನಾಲ್ಕು ಕರಪತ್ರಗಳೂ ನನ್ನ ಚೀಲದಲ್ಲಿವೆ. ಆದರೆ ನಾನು ಹಾಗೆ ಬರೆದುಕೊಟ್ಟರೆ ಆ ‘ಹೌದು’ ಸುಳ್ಳಾಗುತ್ತದೆ, ಅಂಗಡಿಗಳು ಹೋಗುತ್ತವೆ. ನಡೆದದ್ದೂ ಹಾಗಲ್ಲ. ಒಲೆಯ ಮುಂದೆ ಎಲ್ಲರಿಗೂ ವಿಷಯ ತಿಳಿದಿತ್ತು. ತಿಳಿದೇ ಬಂದರು, ತಿಳಿದೇ ಬಡಿಸಿದರು. ಈ ಪ್ರಕರಣದಲ್ಲಿ ನನ್ನ ಪಾಲು ನೊಣ ತಡೆಯುವ ಬಟ್ಟೆ ಒದಗಿಸಿದ್ದು ಮಾತ್ರ. ಇದನ್ನು ಹೇಳಲು ನನಗೆ ಕಷ್ಟವಾಗುತ್ತಿದೆ.

ಅಂದು ಚಾಪೆಯ ಮೇಲೆ ಕುಳಿತು ‘ಹೌದು’ ಎಂದವರ ಹೆಸರು ಹೇಳುವಂತೆ ಕೇಳಿದರು. ಅಂದು ಕಚೇರಿಯ ಬಂದೋಬಸ್ತಿಗೆ ಬಂದಿದ್ದ, ಎರಡನೆಯ ಸಾಲಿನಲ್ಲಿ ಕುಳಿತಿದ್ದ, ಮನೆಗೂ ಒಂದು ಪೊಟ್ಟಣ ಕಟ್ಟಿಸಿಕೊಂಡ ಹವಾಲ್ದಾರ್ ವಿರಾತ್ಮೊ ಅವರ ಹೆಸರನ್ನು ನಾನು ಮೊದಲು ಹೇಳಿದೆ. ಹವಾಲ್ದಾರರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. “ಚಟ್ನಿ ಚೆನ್ನಾಗಿತ್ತು,” ಎಂದರು. ಆಮೇಲೆ ಬರೆದುಕೊಂಡರು.

ಇಷ್ಟನ್ನೂ ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಕಂಡದ್ದಕ್ಕಿಂತ ಹೆಚ್ಚಿಲ್ಲ.

ಸ್ಥಳ: ಕೆಡುಂಗ್‌ಸಾರಿ ಹೊರಠಾಣೆ
ದಿನಾಂಕ: 17 ಅಕ್ಟೋಬರ್ 2024

ಸಹಿ: ತೆಗರ್ ಪಮುಂಗ್ಕಾಸ್
ಬರೆದುಕೊಂಡವರು: ವಿರಾತ್ಮೊ, ಹವಾಲ್ದಾರ್
ಸಾಕ್ಷಿ: ವಿರಾತ್ಮೊ, ಹವಾಲ್ದಾರ್