ಹಸುಗೂಸಿನ ಹೊಟ್ಟೆಯ ಮೇಲೆ ಬರೆ

ಶಿರಸಿಯ ಮಕ್ಕಳ ಆಸ್ಪತ್ರೆಯಲ್ಲಿ ಜ್ವರದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ದೇವಕಿ ಪಕ್ಕದ ಬೆಂಚಿನತ್ತ ತಿರುಗಿದಳು. ನರ್ಸ್ ಒಂದು ಹಸುಗೂಸಿನ ಬಟ್ಟೆ ಬಿಚ್ಚಿದ್ದಳು. ಹೊಟ್ಟೆಯ ಮೇಲೆ ಸುಟ್ಟ ಗೆರೆಗಳು.

“ಯಾರು ಹಾಕಿದ್ದು ಈ ಬರೆ?” ನರ್ಸ್ ಕೇಳಿದಳು.

“ನಾನ ಹಾಕೇನಿ. ಕಾಮಾಲಿ ಇಳೀಲಿ ಅಂತ ಗಾಜಿನ ಬಳಿಚೂರು ಕಾಸಿ ಇಟ್ಟೆ,” ಎಂದಳು ಕೂಸಿನ ಜೊತೆ ಬಂದಿದ್ದ ಅಜ್ಜಿ.

“ನಾ ಜಳಕಕ್ಕ ಹೋದಾಗ ಸುಟ್ಟಾಳ್ರಿ ಸಿಸ್ಟರ್!” ಕೂಸಿನ ತಾಯಿ, ಅಜ್ಜಿಯ ಬಾಣಂತಿ ಸೊಸೆ, ಚೀರಿದಳು.

“ನಿನ್ನ ಗಂಡಗೂ ಹಾಕಿದ್ದೆ. ಸತ್ತಾನೇನು?”

“ಗಾಯಕ್ಕೆ ನಂಜೇರಿದೆ ಅಜ್ಜಿ. ಅದಕ್ಕೇ ಕೂಸು ಹಾಲು ಬಿಟ್ಟಿದ್ದು. ಒಳಗೆ ತನ್ನಿ, ಬೇಗ!”

ಅಜ್ಜಿ ಕೂಸಿಗೆ ಕೈಚಾಚಿದಳು. ಸೊಸೆ ಮೊಣಕೈಯಿಂದ ಅವಳ ಎದೆಗೆ ಗುದ್ದಿದಳು.

“ಮುಟ್ಟಿದ್ರ ಆ ಕೈ ಒಲಿಗೆ ತುರುಕ್ತೀನಿ ಅತ್ತೀ!”

ಅವಳು ಕೂಸನ್ನೆತ್ತಿ ಒಳಗೋಡಿದಳು, ಬಾಗಿಲು ಮುಚ್ಚಿತು. ಅಜ್ಜಿ ಬಾಗಿಲಿಗೆ ಕಿವಿಯಾನಿಸಿ ದೇವಕಿಯತ್ತ ನೋಡಿದಳು.

“ಕೂಸು ಅಳೂದು ನಿನಗರ ಕೇಳಸ್ತೈತೇನವಾ?”

ಒಳಗಿನಿಂದ ಸದ್ದೇ ಇರಲಿಲ್ಲ.